ಕೂಸಿನ ಮುಖ ಯಾವ ಕಡೆಗೆ

ದೊಡ್ಡಲಕ್ಷ್ಮಮ್ಮ: ಅಂದ್ಬುಟ್ಟಲ್ಲವ್ವ. ಹೊಸ್ಲು ದಾಟೋ ಹೊತ್ನಲ್ಲೇ ಆ ಮಾತ ಅಂದ್ಬುಟ್ಟಲ್ಲ.

ಸುಮನಾ: ನಾನೇನಂದೆ ಅತ್ತೆ? ಕಾರಲ್ಲಿ ಕೂಸಿನ ಕುರ್ಚಿ ಯಾಕೆ ಹಿಂದಕ್ಕೆ ತಿರುಗಿರಬೇಕು ಅಂತ ನೀವೇ ಕೇಳಿದ್ರಿ. ಆಕ್ಸಿಡೆಂಟ್ ಆದ್ರೆ ಅಂತ ಹೇಳಿದೆ, ಅಷ್ಟೆ.

ದೊಡ್ಡಲಕ್ಷ್ಮಮ್ಮ: ನೋಡು, ಮತ್ತೆ ಅಂದ್ಲು. ಮುಜಾಮಿಲ್, ಇಳಿಯಪ್ಪ ಕೆಳಿಕ್ಕೆ. ಎಲ್ರೂ ಒಳಿಕ್ಕೆ ನಡೀರಿ. ಒಂದೊಂದು ಲೋಟ ನೀರು ಕುಡ್ದು, ಒಸಿ ಹೊತ್ತು ಕುಂತು, ಆಮೇಲೆ ಹೊಂಡಾವ.

ಮುಜಾಮಿಲ್: ನಾನೂನಾ ಅಮ್ಮ? ನಾನೇನೂ ಅನ್ಲಿಲ್ವಲ್ಲ.

ದೊಡ್ಡಲಕ್ಷ್ಮಮ್ಮ: ಕಿವೀಲಿ ಕೇಳುಸ್ಕಂಡಿಲ್ವಾ? ನಡಿ.

ಹೀಗೆ ಕುದೂರಿನಿಂದ ಸಾವನದುರ್ಗಕ್ಕೆ ಹೊರಟಿದ್ದ ಕಾರು ಒಂದಂಗುಲವೂ ಕದಲದೆ ವಾಪಸ್ಸು ಬಂದಂತಾಯಿತು. ದೊಡ್ಡಲಕ್ಷ್ಮಮ್ಮನ ಮೊಮ್ಮಗನಿಗೆ ವರ್ಷ ತುಂಬಿತ್ತು, ನರಸಿಂಹಸ್ವಾಮಿಗೆ ಮೊದಲ ಮುಡಿ ಕೊಡಬೇಕಾಗಿತ್ತು. ಕೂಸಿನ ಅಪ್ಪ ಯೋಗಾನಂದ ಮತ್ತು ತಾತ ದೊಡ್ಡಹನುಮಯ್ಯ ಬೆಳಕು ಹರಿಯುತ್ತಲೇ ಬೈಕಿನಲ್ಲಿ ಹೋಗಿ, ಅರ್ಚಕರನ್ನೂ ಮುಡಿ ತೆಗೆಯುವವರನ್ನೂ ಹಿಡಿದಿಟ್ಟುಕೊಂಡು ಕೂತಿದ್ದರು. ಹಿಂದೆ ಉಳಿದವರು ಅಜ್ಜಿ, ತಾಯಿ, ಕೂಸು ಮತ್ತು ಬಾಡಿಗೆ ಕಾರಿನ ಮುಜಾಮಿಲ್. ಶನಿವಾರ ಒಂಬತ್ತಕ್ಕೆ ರಾಹುಕಾಲ ಹಿಡಿಯುತ್ತದೆ. ಈಗಿನ್ನೂ ಎಂಟೂ ಹತ್ತು. ಆದ್ದರಿಂದ ಯಾರಿಗೂ ಅಂಥ ಆತುರವೇನೂ ಇರಲಿಲ್ಲ.

ಸುಮನಾ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಓಡುವ ಬಸ್ಸು ತಟಕ್ಕನೆ ನಿಂತರೆ ಒಳಗಿನವರು ಯಾಕೆ ಮುಂದಕ್ಕೆ ಮುಗ್ಗರಿಸುತ್ತಾರೆ ಎಂಬುದನ್ನು ವರ್ಷವರ್ಷವೂ ನಲವತ್ತು ತುಂಟರಿಗೆ ಮನದಟ್ಟು ಮಾಡಿಸಿದವಳಿಗೆ ಒಬ್ಬ ಅತ್ತೆಯನ್ನು ಒಪ್ಪಿಸುವುದು ಯಾವ ಮಹಾ ಕೆಲಸ ಎನಿಸಿತ್ತು. ಆದರೆ ಅವಳ ಕಾರಣವೆಲ್ಲ ಒಂದೇ ಒಂದು ಮಾತಿನಲ್ಲಿತ್ತು. ಆ ಮಾತನ್ನು ಪ್ರಯಾಣಕ್ಕೆ ಹೊರಟವರು ಬಾಯಲ್ಲಿ ತರುವಂತಿರಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಪಾಠ ಮಾಡು ಎಂದ ಹಾಗಾಯಿತು.

ಹಜಾರದಲ್ಲಿ ಮೂವರೂ ನೀರು ಕುಡಿದರು. ಕೂಸು ಚಾಪೆಯ ಮೇಲೆ ಕೂತು ಚಾಪೆಯ ಅಂಚನ್ನು ಚೀಪುತ್ತಿತ್ತು.

ದೊಡ್ಡಲಕ್ಷ್ಮಮ್ಮ: ಈಗ ಹೇಳು. ಒಳ್ಳೆ ಮಾತ್ನಲ್ಲಿ ಹೇಳು.

ಸುಮನಾ: ಅದೇ ಅತ್ತೆ. ದಾರೀಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ...

ದೊಡ್ಡಲಕ್ಷ್ಮಮ್ಮ: ಹೆಚ್ಚುಕಮ್ಮಿ ಅಂದ್ರೂ ಅದೇಯ.

ಸುಮನಾ: ಸರಿ. ಹೆಚ್ಚೂ ಆಗಲ್ಲ, ಕಮ್ಮೀನೂ ಆಗಲ್ಲ. ಆದ್ರೂ ಕೂಸಿನ ಕತ್ತು ಇನ್ನೂ ಎಳಸು, ತಲೆ ಭಾರ. ಹಿಂದಕ್ಕೆ ಮುಖ ಮಾಡಿ ಕೂತಿದ್ರೆ ಬೆನ್ನು, ಕತ್ತು, ತಲೆ ಮೂರನ್ನೂ ಕುರ್ಚಿ ಒಟ್ಟಿಗೆ ಹಿಡ್ಕೊಳ್ಳುತ್ತೆ.

ದೊಡ್ಡಲಕ್ಷ್ಮಮ್ಮ: ಯಾವಾಗ ಹಿಡ್ಕತದೆ?

ಸುಮನಾ: ಅದನ್ನೇ ಹೇಳೋ ಹಾಗಿಲ್ವಲ್ಲ.

ದೊಡ್ಡಲಕ್ಷ್ಮಮ್ಮ: ಕಾಲು ಮಡುಚ್ಕಂಡು ಕಪ್ಪೆ ಕುಂತಂಗೆ ಕುಂತದೆ ಮಗ. ನೋಡುದ್ರೆ ಹೊಟ್ಟೆ ಉರೀತದೆ.

ಸುಮನಾ: ಮನೇಲೂ ಹಂಗೇ ಕೂರ್ತಾನಲ್ಲ. ನೋಡಿ, ಈಗ್ಲೂ ಹಂಗೇ ಕೂತಿದಾನೆ.

ದೊಡ್ಡಲಕ್ಷ್ಮಮ್ಮ: ಹಿಂದ್ ಹಿಂದಕ್ಕೆ ಹೋದ್ರೆ ವಾಂತಿ ಮಾಡ್ಕತನೆ.

ಸುಮನಾ: ಹೋದ ಸಲ ವಾಂತಿ ಮಾಡ್ಕೊಂಡಿದ್ದು ನೀವು ಅತ್ತೆ. ಮುಂದಕ್ಕೆ ಮುಖ ಮಾಡ್ಕೊಂಡೇ ಕೂತಿದ್ರಿ.

ಮುಜಾಮಿಲ್: ಹೌದಮ್ಮ, ಸೋಲೂರು ದಾಟ್ದ ಮೇಲೆ. ಸೀಟ್ ಕವರು ಎರಡ್ ಸಲ ಒಗುಸ್ದೆ.

ದೊಡ್ಡಲಕ್ಷ್ಮಮ್ಮ: ನಿನ್ನ ಯಾರಪ್ಪ ಕೇಳುದ್ರು? ಅಲ್ಲ ಕಣವ್ವ ಸುಮ, ವರ್ಷ ತುಂಬುದ್ರೆ ಕುರ್ಚಿ ತಿರುಗ್ಸಬೋದು ಅಂತ ನಮ್ ಯೋಗ ಹೇಳವ್ನೆ. ಆಗ್ಲಿ ಅಂತ ನಾನೂ ತಡ್ಕಂಡಿದ್ದೆ. ವರ್ಷ ತುಂಬಿ ಹದಿನೆಂಟು ದಿನ ಆಯ್ತು.

ಸುಮನಾ: ಅದು ಹಳೇ ಲೆಕ್ಕ ಅತ್ತೆ. ಈಗ ಎರಡು ವರ್ಷ ಆಗೋವರೆಗಾದ್ರೂ ಹಿಂದಕ್ಕೇ ಇರ್ಲಿ ಅಂತಾರೆ. ಆಮೇಲೂ, ಆ ಕುರ್ಚಿ ತಡೆಯೋ ತೂಕ, ಎತ್ತರ ಮುಟ್ಟೋವರೆಗೂ ಇದ್ರೆ ಇನ್ನೂ ಒಳ್ಳೇದು. ಅದೂ ಅಲ್ದೆ ಇವನು ಎರಡು ತಿಂಗಳು ಮುಂಚೆ ಹುಟ್ಟಿದೋನು. ಡಾಕ್ಟರ್ ಲೆಕ್ಕದಲ್ಲಿ ಇವನಿಗಿನ್ನೂ ಹತ್ತೂವರೆ ತಿಂಗಳು.

ದೊಡ್ಡಲಕ್ಷ್ಮಮ್ಮ: ಡಾಕ್ಟ್ರು ಎರಡು ತಿಂಗ್ಳು ಕಳೀಬೋದು, ನಾನು ಕೂಡಬಾರ್ದಾ? ಹೊಟ್ಟೇಲಿ ಏಳು ತಿಂಗ್ಳು ಸುಮ್ನೆ ಕುಂತಿದ್ನಾ? ಅದನ್ನೂ ಸೇರ್ಸು. ಹತ್ತೊಂಬತ್ತೂವರೆ ಆಯ್ತು. ಎರಡು ವರ್ಷಕ್ಕೆ ಇನ್ನು ನಾಕೂವರೆ ತಿಂಗ್ಳು ಕಮ್ಮಿ. ಅಷ್ಟನ್ನ ಯಾರು ಕೇಳ್ತರೆ.

ಮುಜಾಮಿಲ್: ಲೆಕ್ಕ ಸರಿಯಾಗೇ ಐತೆ ಮೇಡಂ.

ಚಾಪೆಯ ಮೇಲಿದ್ದ ಒಂದೇ ಕೂಸಿಗೆ ಈಗ ಮೂರು ವಯಸ್ಸಾಗಿತ್ತು. ಕೂಸು ಯಾವುದಕ್ಕೂ ತಕರಾರು ತೆಗೆಯದೆ ಚಾಪೆ ಚೀಪುವುದನ್ನು ಮುಂದುವರಿಸಿತು. ಸುಮನಾ ಬೇರೆ ಕಡೆಯಿಂದ ಬಲ ಹುಡುಕಿದಳು.

ಸುಮನಾ: ಮುಜಾಮಿಲಣ್ಣ, ನೀವಾದ್ರೂ ಹೇಳಿ. ದಿನಾ ರೋಡಲ್ಲಿರೋರು ನೀವು. ನಿಮಗೆ ಗೊತ್ತಿರುತ್ತೆ.

ಮುಜಾಮಿಲ್: ಗೊತ್ತೈತೆ ಮೇಡಂ. ಗೊತ್ತಿರೋದ್ಕೇ ಬೇಜಾರು. ಇಪ್ಪತ್ತಾರು ವರ್ಷದಿಂದ ಸ್ಟೇರಿಂಗ್ ಹಿಡ್ದಿದೀನಿ. ಒಂದು ಕೋಳಿ ಪುಕ್ಕಕ್ಕೂ ತಾಗ್ಸಿಲ್ಲ. ನೀವು ನೋಡುದ್ರೆ, ನಾನ್ ಕಾರ್ ಎತ್ತೋ ಮುಂಚೇನೇ ಮಗೀನ ಹಿಂದಕ್ಕೆ ತಿರುಗ್ಸಿ ಬೆಲ್ಟು ಬಿಗೀತೀರಿ. ನಾನೇನ್ ಮಾಡ್ಬುಡ್ತೀನಿ ಅಂತ?

ಸುಮನಾ: ನಿಮ್ಮ ಮೇಲೆ ಅನುಮಾನ ಅಲ್ಲಣ್ಣ.

ಮುಜಾಮಿಲ್: ಇನ್ಯಾರ ಮೇಲೆ? ನನ್ ಬ್ರೇಕು ಇವತ್ತಿನವರ್ಗೂ ಒಂದ್ ಸಲ ಫೇಲ್ ಆಗಿಲ್ಲ. ಟೈರು ಸಿಡ್ದಿಲ್ಲ. ಹಳ್ಳಕ್ಕೆ...

ದೊಡ್ಡಲಕ್ಷ್ಮಮ್ಮ ಚೊಂಬು ಬಗ್ಗಿಸಿ ಮೂರು ಲೋಟ ತುಂಬಿದಳು.

ದೊಡ್ಡಲಕ್ಷ್ಮಮ್ಮ: ಕುಡಿ.

ಮುಜಾಮಿಲ್: ಆಗಿಲ್ಲ ಅಂತ ತಾನೆ ಅಮ್ಮ ಅಂದಿದ್ದು?

ದೊಡ್ಡಲಕ್ಷ್ಮಮ್ಮ: ಆಗಿಲ್ಲ ಅನ್ನಕ್ಕೂ ಅದರ ಹೆಸ್ರು ಎತ್ತಬೇಕಾಯ್ತಲ್ಲ. ಕುಡಿ.

ಮುಜಾಮಿಲ್ ಕುಡಿದ. ಸುಮನಾ ಕುಡಿಯುತ್ತ ಬಾಗಿಲಾಚೆ ನಿಂತ ಕಾರನ್ನು ನೋಡಿದಳು. ಒಳಗಿನ ಕನ್ನಡಿಗೆ ಹಸಿರು ಬಟ್ಟೆಯಲ್ಲಿ ಹೊಲಿದ ತಾಯತವೊಂದು ತೂಗುತ್ತಿತ್ತು.

ಸುಮನಾ: ಅಣ್ಣ, ಅಷ್ಟು ಚೆನ್ನಾಗಿ ಓಡಿಸೋರು ಕನ್ನಡಿಗೆ ತಾಯತ ಯಾಕೆ ಕಟ್ಟಿದೀರಿ?

ಮುಜಾಮಿಲ್: ಅದು ನನಗಲ್ಲ ಮೇಡಂ. ಎದುರಿಗೆ ಬರೋರ್ಗೆ. ನಾನ್ ನೆಟ್ಟಗೆ ಓಡುಸ್ತೀನಿ. ಜಲ್ಲಿ ಲಾರಿಯೋನು ಓಡುಸ್ತನಾ?

ಸುಮನಾ: ಈ ಕುರ್ಚಿನೂ ಅಷ್ಟೇ ಅಣ್ಣ. ಎದುರಿಗೆ ಬರೋರಿಗೆ.

ಮುಜಾಮಿಲ್ ಲೋಟ ಕೆಳಗಿಟ್ಟ. ಇಪ್ಪತ್ತಾರು ವರ್ಷದಲ್ಲಿ ಎದುರಿಗೆ ಬಂದವರೆಲ್ಲ ಅವನ ಕಣ್ಣ ಮುಂದೆ ಒಮ್ಮೆ ಹಾದು ಹೋದಂತೆ ಕಂಡಿತು.

ಮುಜಾಮಿಲ್: ಅಮ್ಮ, ಮೇಡಂ ಹೇಳೋದು ಸರಿ ಐತೆ. ಹಿಂದಕ್ಕೇ ಇರ್ಲಿ.

ದೊಡ್ಡಲಕ್ಷ್ಮಮ್ಮ: ಎರಡು ಲೋಟ ನೀರಿಗೆ ಪಾರ್ಟಿ ಬದ್ಲಾಯ್ಸ್ಬುಟ್ಯಾ?

ಒಬ್ಬನನ್ನು ಗೆದ್ದ ಹುರುಪಿನಲ್ಲಿ ಸುಮನಾಗೆ ಧೈರ್ಯ ಬಂತು. ಪಾಠವನ್ನು ಮಕ್ಕಳ ಅನುಭವದಿಂದಲೇ ಶುರು ಮಾಡಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಅವಳು ಅತ್ತೆಯ ಪಕ್ಕಕ್ಕೆ ಸರಿದು ಕೂತಳು.

ಸುಮನಾ: ಅತ್ತೆ, ನಿಮ್ಮ ಮಗ ಇಷ್ಟುದ್ದ ಇದ್ದಾಗ ಮಾಗಡಿ ಬಸ್ಸಲ್ಲಿ ಹೆಂಗೆ ಎತ್ಕೊಂಡು ಹೋಗ್ತಿದ್ರಿ?

ದೊಡ್ಡಲಕ್ಷ್ಮಮ್ಮ: ಎದೆಗೆ ಅವುಚ್ಕಂಡು.

ಸುಮನಾ: ಅವರ ಮುಖ ಯಾವ ಕಡೆ ಇರ್ತಿತ್ತು?

ದೊಡ್ಡಲಕ್ಷ್ಮಮ್ಮ: ನನ್ ಕಡೆ.

ಸುಮನಾ: ಬಸ್ಸು?

ದೊಡ್ಡಲಕ್ಷ್ಮಮ್ಮ: ಮಾಗಡಿ ಕಡೆ.

ಸುಮನಾ: ಹಂಗಾದ್ರೆ ಬೆನ್ನು?

ದೊಡ್ಡಲಕ್ಷ್ಮಮ್ಮ ತನ್ನ ಎದೆಯ ಮೇಲೆ ಕೈಯಿಟ್ಟು, ಮೂವತ್ತೈದು ವರ್ಷದ ಹಿಂದಿನ ಕೂಸನ್ನು ಒಮ್ಮೆ ಎತ್ತಿ ನೋಡಿಕೊಂಡಳು.

ದೊಡ್ಡಲಕ್ಷ್ಮಮ್ಮ: ಮಾಗಡಿ ಕಡೆ.

ಸುಮನಾ: ನೋಡಿ ಮತ್ತೆ. ನಿಮ್ಮ ಮಗನೂ ಹಿಂದಕ್ಕೆ ಮುಖ ಮಾಡ್ಕೊಂಡೇ ಊರೂರು ತಿರುಗಿದೋರು.

ದೊಡ್ಡಲಕ್ಷ್ಮಮ್ಮ: ಸರಿ ಕಣವ್ವ, ಒಪ್ದೆ. ಹಂಗಾದ್ರೆ ಇವನ್ನೂ ನನ್ ಎದೆಗೇ ಕೊಡು. ನಾಕು ಮಕ್ಳು ಬೆಳ್ದ ಎದೆ ಇರೋವಾಗ ಆ ಪ್ಲಾಸ್ಟಿಕ್ ಕುರ್ಚಿ ಯಾಕೆ?

ಮುಜಾಮಿಲ್: ಅಲ್ಲಿಗೆ ಪಾಠ ಮುಗೀತು ಮೇಡಂ.

ಸುಮನಾ: ಬೇಡ ಅತ್ತೆ. ಕೈ ಎಷ್ಟೇ ಗಟ್ಟಿ ಇದ್ರೂ ಕಾರಲ್ಲಿ ಎದೆ ಮೇಲೆ ಬೇಡ.

ದೊಡ್ಡಲಕ್ಷ್ಮಮ್ಮ: ಯಾಕೆ? ನನ್ ಕೈಯಿಂದ ಮಗ ಜಾರಿ ಬಿದ್ದೋಯ್ತದೆ ಅಂತಾನಾ?

ಸುಮನಾ ಚೊಂಬಿನ ಕಡೆ ನೋಡಿದಳು. ಮುಜಾಮಿಲ್ ಕೂಡ ನೋಡಿದ. ದೊಡ್ಡಲಕ್ಷ್ಮಮ್ಮನಿಗೆ ತಾನು ಏನಂದೆನೆಂದು ತಿಳಿಯಿತು. ನ್ಯಾಯ ಎಂದರೆ ನ್ಯಾಯ. ಯಾರ ಮುಖವನ್ನೂ ನೋಡದೆ ತಾನೇ ಬಗ್ಗಿಸಿಕೊಂಡು ಗಟಗಟನೆ ಕುಡಿದಳು.

ಅಷ್ಟರಲ್ಲಿ ಸುಮನಾಳ ಫೋನು ಬಡಿದುಕೊಂಡಿತು. ಯೋಗಾನಂದ. ಅವಳು ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು.

ಯೋಗಾನಂದ: ಎಲ್ಲಿಗ್ ಬಂದ್ರಿ?

ದೊಡ್ಡಲಕ್ಷ್ಮಮ್ಮ: ಹೊಂಟೋರ್ನ ಎಲ್ಲಿಗೆ ಅಂತ ಕೇಳಬಾರ್ದು ಅಂತ ನಿಂಗೆ ಎಷ್ಟು ಸಲ ಹೇಳ್ಬೇಕ್ಲಾ?

ಯೋಗಾನಂದ: ಹೊಂಟಿದೀರಾ ಹಂಗಾದ್ರೆ?

ದೊಡ್ಡಲಕ್ಷ್ಮಮ್ಮ: ಇಲ್ಲ.

ಸುಮನಾ: ರೀ, ವರ್ಷ ತುಂಬಿದ ತಕ್ಷಣ ಕುರ್ಚಿ ತಿರುಗಿಸ್ತೀನಿ ಅಂತ ಅತ್ತೆಗೆ ಹೇಳಿದ್ರಂತೆ. ನನಗೆ ಎರಡು ವರ್ಷ ಅಂದಿದ್ರಿ.

ಯೋಗಾನಂದ: ಅದು... ಇಬ್ರಿಗೂ ಹೇಳಿದ್ದು ನಿಜಾನೇ. ಬೇರೆ ಬೇರೆ ದಿನ ಹೇಳಿದ್ದು.

ಸುಮನಾ: ಈಗ ಇಬ್ಬರೂ ಒಟ್ಟಿಗೇ ಇದೀವಿ. ಒಂದು ಹೇಳಿ.

ಯೋಗಾನಂದ: ಹಲೋ? ಹಲೋ? ಬೆಟ್ಟ ಅಡ್ಡ ಬತ್ತೈತೆ ಕಣೆ, ಕೇಳುಸ್ತಿಲ್ಲ. ಮುಡಿ ತೆಗ್ಯೋರು ಹತ್ತೂವರೆಗೆ ಇನ್ನೊಂದು ಕಡೆ ಹೋಗ್ಬೇಕಂತೆ. ಬೇಗ ಬನ್ನಿ.

ಸಾವನದುರ್ಗ ದೊಡ್ಡ ಬೆಟ್ಟ. ಹಿಂದೆ ಎಷ್ಟೋ ಪಾಳೇಗಾರರು ಅದರ ಮರೆಯಲ್ಲಿ ಜೀವ ಉಳಿಸಿಕೊಂಡಿರಬಹುದು. ಯೋಗಾನಂದ ಅವರಷ್ಟೇ ಸಲೀಸಾಗಿ ಉಳಿಸಿಕೊಂಡ. ಅವನು ಕೇಳಿದ ಪ್ರಶ್ನೆಗೆ ಮಾತ್ರ ಇಲ್ಲಿ ಇನ್ನೊಂದು ಸುತ್ತು ನೀರಾಯಿತು.

ಮುಜಾಮಿಲ್: ಅಮ್ಮ, ಇನ್ನೊಂದ್ ಲೋಟ ಕುಡುದ್ರೆ ಮಾಗಡಿ ಮುಟ್ಟೋದ್ರೊಳ್ಗೆ ನಾನು ಮೂರು ಕಡೆ ಗಾಡಿ ನಿಲ್ಲುಸ್ಬೇಕಾಯ್ತದೆ.

ಗಡಿಯಾರದಲ್ಲಿ ಎಂಟೂ ಮುಕ್ಕಾಲು ಹತ್ತಿರವಾಗಿತ್ತು. ಸುಮನಾ ಕೂಸನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು.

ಸುಮನಾ: ಅತ್ತೆ, ನಾನು ಇವನನ್ನ ಮುಂದಕ್ಕೆ ತಿರುಗಿಸಿ ಕೂರಿಸಲ್ಲ. ಬೇಜಾರು ಮಾಡ್ಕೋಬೇಡಿ. ಇವತ್ತು ಮುಡಿ ಆಗದಿದ್ರೂ ಸರಿ.

ದೊಡ್ಡಲಕ್ಷ್ಮಮ್ಮ: ನೀನು ಹಿಂದಕ್ಕೆ ಕೂರುಸ್ಕಂಡ್ ಹೋಗೋದಾದ್ರೆ ನಾನ್ ಕಾರ್ ಹತ್ತಲ್ಲ. ಮುಡಿ ಆದ್ರೂ ಅದು ಆದಂಗಲ್ಲ.

ಸುಮನಾ: ಯಾಕೆ ಅಂತ ಹೇಳಿ. ಕಪ್ಪೆ, ವಾಂತಿ ಎಲ್ಲ ಬಿಟ್ಟು ನಿಜ ಹೇಳಿ.

ದೊಡ್ಡಲಕ್ಷ್ಮಮ್ಮ: ಹೇಳಂಗಿಲ್ಲ.

ಸುಮನಾ: ನನ್ನ ಕಾರಣ ನಾನು ಹೇಳೋ ಹಾಗಿಲ್ಲ. ನಿಮ್ಮ ಕಾರಣ ನೀವು ಹೇಳೋ ಹಾಗಿಲ್ಲ. ಹಿಂಗೇ ಕೂತು ನೀರು ಕುಡೀತಾ ಇರೋಣ್ವಾ?

ಮುಜಾಮಿಲ್: ನಾನ್ ಹೇಳ್ಲಾ ಅಮ್ಮ?

ದೊಡ್ಡಲಕ್ಷ್ಮಮ್ಮ: ಬ್ಯಾಡ ಕಣಪ್ಪ. ತೀರೋ ಮುಂಚೆ ಬಾಯ್ಬುಟ್ರೆ ಹರಕೆ ಕೆಡ್ತದೆ.

ಮುಜಾಮಿಲ್: ನೀವು ಬಾಯ್ಬುಟ್ರೆ ಕೆಡ್ತದೆ. ನಿಮ್ ಸ್ವಾಮಿಗೂ ನನಗೂ ಇಲ್ಲಿವರ್ಗೂ ಮಾತೇ ಆಗಿಲ್ವಲ್ಲ. ನಾನ್ ಹೇಳುದ್ರೆ ಏನ್ ಕೆಡ್ತದೆ?

ದೊಡ್ಡಲಕ್ಷ್ಮಮ್ಮ ಈ ಮಾತನ್ನು ಹಿಂದುಮುಂದು ಮಾಡಿ ನೋಡಿದಳು. ತಪ್ಪು ಕಾಣಲಿಲ್ಲ. ಆದರೂ ಎದುರಿಗೆ ಕೂತು ಕೇಳಿಸಿಕೊಂಡರೆ ತಾನೂ ಪಾಲುದಾರಳಾದಂತೆ ಎನಿಸಿ, ಎದ್ದು ಅಡುಗೆಮನೆಯ ಬಾಗಿಲ ಹಿಂದೆ ಹೋಗಿ ನಿಂತಳು. ಸೆರಗಿನ ತುದಿ ಮಾತ್ರ ಈಚೆ ಕಾಣುತ್ತಿತ್ತು.

ಮುಜಾಮಿಲ್: ಮಗ ಗಾಜಿನ ಪೆಟ್ಟಿಗೇಲಿದ್ದ ಇಪ್ಪತ್ತೆರಡು ದಿನ ಅಮ್ಮನ್ನ ಬೆಂಗಳೂರು ಆಸ್ಪತ್ರೆಗೆ ನಾನೇ ಕರ್ಕಂಡ್ ಹೋಗ್ತಿದ್ನಲ್ಲ ಮೇಡಂ. ಒಂಬತ್ನೇ ದಿನ, ಮಗೀಗೆ ಉಸ್ರು ಸರ್ಯಾಗ್ ಆಡ್ತಿಲ್ಲ ಅಂದಿದ್ರಲ್ಲ, ಅವತ್ತು ಮಾಗಡಿ ರೋಡಲ್ಲಿ ವಾಪಸ್ ಬತ್ತಿದ್ವಿ. ದೂರದಲ್ಲಿ ಬೆಟ್ಟ ಕಾಣ್ತು. ಅಮ್ಮ ಕಾರ್ ನಿಲ್ಸು ಅಂದ್ರು. ಇಳ್ದು, ರೋಡ್ ಪಕ್ಕ ನಿಂತು, ಬೆಟ್ಟಕ್ಕೆ ಕೈ ಮುಗುದು ಜೋರಾಗೇ ಅಂದ್ರು. ಸ್ವಾಮಿ, ಈ ಮಗ ಉಸ್ರಾಡ್ಕಂಡು ಮನೆಗೆ ಬರ್ಲಿ. ನನ್ ಹೊಸ್ಲಿಂದ ನಿನ್ ಹೊಸ್ಲವರ್ಗೂ ಅವನ ಮೊಕ ನಿನ್ ಕಡೆಗೇ ಮಾಡ್ಕಂಡ್ ಕರ್ಕ ಬತ್ತೀನಿ, ಬೆನ್ನು ತೋರ್ಸಲ್ಲ ಅಂತ.

ದೊಡ್ಡಲಕ್ಷ್ಮಮ್ಮ (ಅಡುಗೆಮನೆಯಿಂದ): ಜೋರಾಗ್ ಅನ್ಲಿಲ್ಲ. ಮೆಲ್ಲುಗ್ ಅಂದಿದ್ದು.

ಸುಮನಾ ಕೂಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಆ ಇಪ್ಪತ್ತೆರಡು ದಿನ ಅವಳು ಗಾಜಿನಾಚೆ ನಿಂತು ಕೂಸಿನ ಎದೆ ಏಳುವುದನ್ನೂ ಇಳಿಯುವುದನ್ನೂ ಎಣಿಸಿದ್ದಳು. ಅಂದಿನಿಂದ ಯಾವ ಬಸ್ಸು ಬ್ರೇಕು ಹಾಕಿದರೂ, ಮಡಿಲಲ್ಲಿ ಕೂಸು ಇಲ್ಲದಿದ್ದರೂ, ಅವಳ ಕೈ ತಾನೇ ಮುಂದೆ ಚಾಚಿಕೊಳ್ಳುತ್ತಿತ್ತು. ಅಷ್ಟು ಭಯಪಟ್ಟವಳು ತಾನೊಬ್ಬಳೇ ಎಂದುಕೊಂಡಿದ್ದಳು. ಅತ್ತೆ ದಿನಾ ಬುತ್ತಿ ತಂದು ಕೊಟ್ಟು, ಉಪ್ಪು ಸರಿಯಿದೆಯಾ ಎಂದಷ್ಟೇ ಕೇಳಿ ಹೋಗುತ್ತಿದ್ದಳು. ಈಗ ಸುಮನಾಗೆ ನಾಚಿಕೆಯಾಯಿತು, ಅತ್ತೆಯ ಮೇಲೆ ಬಹಳ ಪ್ರೀತಿಯೂ ಬಂತು. ಆದರೆ ಕುರ್ಚಿ ತಿರುಗಿಸುವ ಮನಸ್ಸು ಮಾತ್ರ ಎಳ್ಳಷ್ಟೂ ಬರಲಿಲ್ಲ.

ದೊಡ್ಡಲಕ್ಷ್ಮಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಈಚೆ ಬಂದಳು.

ದೊಡ್ಡಲಕ್ಷ್ಮಮ್ಮ: ಮುಜಾಮಿಲ್, ಒಂದು ಕೇಳ್ತೀನಿ. ಕುರ್ಚಿ ಹಂಗೇ ಇರ್ಲಿ. ನೀನು ಕಾರ್ನೇ ಹಿಂದಕ್ಕೆ ಓಡುಸ್ಕಂಡ್ ಹೋದ್ರೆ?

ಮುಜಾಮಿಲ್: ರಿವರ್ಸಲ್ಲಾ? ಕುದೂರಿಂದ ಸಾವನದುರ್ಗಕ್ಕಾ?

ದೊಡ್ಡಲಕ್ಷ್ಮಮ್ಮ: ನಿಧಾನಕ್ಕೆ.

ಮುಜಾಮಿಲ್: ಅಮ್ಮ, ಇಷ್ಟು ದಿನ ಎದುರಿಗೆ ಬರೋರ್ನ ನಾನ್ ಬಯ್ಕಂಡ್ ಓಡಾಡ್ದೆ. ಇವತ್ತು ಎಲ್ರಿಗೂ ನಾನೇ ಎದುರಿಗೆ ಬರೋನ್ ಆಗ್ಬುಡ್ತೀನಿ. ಅದೂ ಅಲ್ದೆ ರೋಡು ಬೆಟ್ಟದ ಕಡೆಗೇ ನೆಟ್ಟಗೆ ಹೋಗ್ತದಾ? ಒಂದ್ ಸಲ ಆ ಕಡೆ, ಒಂದ್ ಸಲ ಈ ಕಡೆ. ಮುಂದಕ್ಕೆ ಕೂರ್ಸುದ್ರೂ ಅರ್ಧ ದಾರಿ ಮಗೀನ ಮೊಕ ಬೇರೆ ಊರ ದೇವ್ರ ಕಡೆಗೇ ಇರ್ತದೆ.

ದೊಡ್ಡಲಕ್ಷ್ಮಮ್ಮನಿಗೆ ಇದು ಹೊಳೆದಿರಲಿಲ್ಲ. ಅವಳ ಮುಖ ಸಣ್ಣದಾಯಿತು. ಸುಮನಾ ಅದನ್ನು ನೋಡಲಾಗದೆ ಕಣ್ಣು ತಪ್ಪಿಸಿದಳು. ಆ ಕಣ್ಣು ಹೋಗಿ ದೇವರ ಮನೆಯ ಗೋಡೆಗೆ ತಾಗಿತು.

ಸುಮನಾ: ಅತ್ತೆ, ದಿನಾ ಬೆಳಿಗ್ಗೆ ದೀಪ ಹಚ್ಚಿ ಯಾರಿಗೆ ಕೈ ಮುಗೀತೀರಿ?

ದೊಡ್ಡಲಕ್ಷ್ಮಮ್ಮ: ಸ್ವಾಮಿಗೆ.

ಸುಮನಾ: ಬೆಟ್ಟದ ಸ್ವಾಮಿಗಾ, ಫೋಟೋದ ಸ್ವಾಮಿಗಾ?

ದೊಡ್ಡಲಕ್ಷ್ಮಮ್ಮ: ಎರಡೂ ಒಂದೇ ಅಲ್ವಾ?

ಸುಮನಾ: ಹಂಗಾದ್ರೆ ಕೂಸಿನ ಎದುರಿಗೇ, ಹಿಂದಿನ ಸೀಟಲ್ಲಿ ಬೆನ್ನು ಒರಗೋ ಕಡೆಗೆ ಸ್ವಾಮಿನ ಕಟ್ಟೋಣ. ಕಾರು ಯಾವ ಕಡೆ ತಿರುಗಿದ್ರೂ ಕೂಸಿನ ಮುಖ ಸ್ವಾಮಿ ಕಡೆಗೇ ಇರುತ್ತೆ. ಹೊಸ್ತಿಲಿಂದ ಹೊಸ್ತಿಲವರೆಗೂ.

ದೊಡ್ಡಲಕ್ಷ್ಮಮ್ಮ ಸೊಸೆಯನ್ನು ನೋಡಿದಳು, ದೇವರ ಮನೆಯನ್ನು ನೋಡಿದಳು, ಗಡಿಯಾರವನ್ನು ನೋಡಿದಳು. ಎಂಟೂ ಐವತ್ತು. ಒಳಗೆ ಹೋಗಿ, ಗಾಜು ಹಾಕಿಸಿದ ದೊಡ್ಡ ಫೋಟೋವನ್ನು ಎರಡು ಕೈಯಲ್ಲೂ ಅಪ್ಪಿಕೊಂಡು ಬಂದಳು.

ಸುಮನಾ: ಗಾಜಿನದು ಬೇಡ ಅತ್ತೆ.

ದೊಡ್ಡಲಕ್ಷ್ಮಮ್ಮ: ಯಾಕೆ?

ಸುಮನಾ ಬಾಯಿ ತೆರೆದಳು. ಮುಜಾಮಿಲ್ ಚೊಂಬನ್ನು ನೋಡಿ ಅವಳಿಗಿಂತ ಮೊದಲೇ ನುಗ್ಗಿದ.

ಮುಜಾಮಿಲ್: ಬಿಸ್ಲಿಗೆ ಹೊಳೀತದಮ್ಮ, ಮಗೀನ ಕಣ್ಣಿಗೆ. ಬೇರೇದು ಇದ್ರೆ ನೋಡಿ.

ಬೇರೆಯದು ಇತ್ತು. ಹಾಲಿನ ಡೇರಿಯವರು ಕೊಟ್ಟ ಕ್ಯಾಲೆಂಡರು, ಮೇಲೆ ನರಸಿಂಹಸ್ವಾಮಿ, ಕೆಳಗೆ ತಿಂಗಳುಗಳು. ಹಣೆಗೆ ಇಟ್ಟ ಕುಂಕುಮ ಒಣಗಿ ಗಟ್ಟಿಯಾಗಿತ್ತು. ದೊಡ್ಡಲಕ್ಷ್ಮಮ್ಮ ತಿಂಗಳುಗಳನ್ನು ಕತ್ತರಿಸಿ ತೆಗೆದಳು. ಮುಜಾಮಿಲ್ ಅದನ್ನು ಸೀಟಿನ ಒರಗಿಗೆ ನಾಲ್ಕು ಮೂಲೆಯಲ್ಲೂ ದಾರ ಬಿಗಿದು ಕಟ್ಟಿದ. ಕಟ್ಟುವ ಮುಂಚೆ ಕೇಳದೆಯೇ ಚಪ್ಪಲಿ ಬಿಟ್ಟಿದ್ದ. ಸುಮನಾ ಕೂಸನ್ನು ಕುರ್ಚಿಯಲ್ಲಿ ಹಿಂದಕ್ಕೆ ಮುಖ ಮಾಡಿ ಕೂರಿಸಿ, ಪಟ್ಟಿಯನ್ನು ಎರಡು ಸಲ ಎಳೆದು ನೋಡಿದಳು.

ಕೂಸು ಹೊಸ ನೆಂಟರನ್ನು ಒಂದು ಗಳಿಗೆ ದಿಟ್ಟಿಸಿತು. ಆಮೇಲೆ ಕೈ ಚಾಚಿ ಸ್ವಾಮಿಯ ಪಾದವನ್ನು ಹಿಡಿಯಿತು. ಹಿಡಿದ ಕೈಯನ್ನು ಹಾಗೇ ಬಾಯಿಗಿಟ್ಟುಕೊಂಡಿತು.

ದೊಡ್ಡಲಕ್ಷ್ಮಮ್ಮ: ತೀರ್ಥ ತಕಂತು.

ಅವಳ ಕಣ್ಣು ತುಂಬಿ ಬಂದಿತ್ತು. ಕಾರು ಒಂಬತ್ತಕ್ಕೆ ಮೂರು ನಿಮಿಷ ಇರುವಾಗ ಹೊಸ್ತಿಲ ಮುಂದಿನಿಂದ ಕದಲಿತು. ಕೂಸಿನ ಒಂದು ಪಕ್ಕ ತಾಯಿ, ಇನ್ನೊಂದು ಪಕ್ಕ ಅಜ್ಜಿ. ಊರು ದಾಟುವವರೆಗೂ ಮೂವರೂ ಬಾಯಿ ಬಿಗಿಹಿಡಿದು ಕೂತಿದ್ದರು.

ಮುಜಾಮಿಲ್: ಅಮ್ಮ, ಈ ಕ್ಯಾಲೆಂಡರು ನನ್ ಕಾರಲ್ಲೇ ಇರ್ಲಾ?

ದೊಡ್ಡಲಕ್ಷ್ಮಮ್ಮ: ಇರ್ಲಪ್ಪ. ಮಗ ಈ ಕಾರ್ ಹತ್ತಿದಾಗೆಲ್ಲ ಎದುರಿಗೇ ಕಾಣ್ಲಿ.

ಮುಜಾಮಿಲ್: ಒಳ್ಳೇದಾಯ್ತು. ಮುಂದೆ ತಾಯತ, ಹಿಂದೆ ಸ್ವಾಮಿ. ಇನ್ನು ಜಲ್ಲಿ ಲಾರಿಯೋನು ಯಾವ ಕಡೆಯಿಂದ ಬರ್ತನೋ ಬರ್ಲಿ.

ಕಾರಿನೊಳಗೆ ಚೊಂಬು ಇಲ್ಲದ್ದರಿಂದ ಆ ಮಾತು ಹಾಗೇ ಕಳೆಯಿತು. ಸುಮನಾಳ ಮೈ ಸಡಿಲವಾಯಿತು. ಗೆದ್ದವರು ಸುಮ್ಮನಿರಬೇಕು. ಆದರೆ ಅವಳು ಮೇಷ್ಟರ ಜಾತಿಯವಳು, ಪಾಠದ ಕೊನೆಯಲ್ಲಿ ಸಾರಾಂಶ ಹೇಳದೆ ಇರಲಾರಳು. ಅತ್ತೆಗೂ ಏನಾದರೂ ಸಿಗಲಿ ಎಂಬ ಒಳ್ಳೆಯ ಮನಸ್ಸೂ ಅದರಲ್ಲಿತ್ತು.

ಸುಮನಾ: ಇನ್ನೇನು ಬಿಡಿ ಅತ್ತೆ, ಒಂದೋ ಎರಡೋ ವರ್ಷ. ಕುರ್ಚಿಯ ತೂಕ ಮುಟ್ಟಲಿ, ಆಮೇಲೆ ನಾನೇ ಮುಂದಕ್ಕೆ ತಿರುಗಿಸ್ತೀನಿ. ನಿಮ್ಮ ಆಸೆ ಇದ್ದ ಹಾಗೇ.

ದೊಡ್ಡಲಕ್ಷ್ಮಮ್ಮ: ಎಲ್ಲಿಗ್ ತಿರುಗುಸ್ತೀಯ?

ಸುಮನಾ: ಮುಂದಕ್ಕೆ. ರೋಡ್ ಕಡೆಗೆ.

ದೊಡ್ಡಲಕ್ಷ್ಮಮ್ಮ: ಸ್ವಾಮಿ ಈಗ ಎಲ್ಲವ್ನೆ?

ಸುಮನಾ ಕ್ಯಾಲೆಂಡರನ್ನು ನೋಡಿದಳು.

ಸುಮನಾ: ಹಿಂದೆ.

ದೊಡ್ಡಲಕ್ಷ್ಮಮ್ಮ: ಮಗೀನ ಮುಂದಕ್ಕೆ ತಿರುಗುಸುದ್ರೆ ಸ್ವಾಮಿಗೆ ಏನ್ ತೋರ್ಸ್ದಂಗಾಯ್ತು?

ಸುಮನಾ: ಅವಾಗ ಕ್ಯಾಲೆಂಡರ್ ತೆಗೆದ್ರಾಯ್ತು ಅತ್ತೆ.

ದೊಡ್ಡಲಕ್ಷ್ಮಮ್ಮ: ಕುಂತ ದೇವ್ರನ್ನ ಎಬ್ಬುಸ್ತೀಯಾ?

ಸುಮನಾ: ಅದಲ್ಲ ಅತ್ತೆ. ದೊಡ್ಡೋನಾದ ಮೇಲೆ ಆ ಕುರ್ಚಿಲಿ ಹಿಂದಕ್ಕೆ ಕೂರಿಸಬಾರದು. ಅದರ ಪುಸ್ತಕದಲ್ಲೇ ಬರೆದಿದೆ. ಕಾಲು ಉದ್ದ ಆಗುತ್ತೆ, ಮಡಚ್ಕೊಂಡು ಕೂರಕ್ಕಾಗಲ್ಲ.

ದೊಡ್ಡಲಕ್ಷ್ಮಮ್ಮ: ಮಡುಚ್ಕಳ್ಳಿ. ಮನೇಲಿ ಕುಂತ್ಕಳಲ್ವಾ? ಅವನು ಹುಟ್ಟಿದ ಮೇಲೆ ಇಷ್ಟು ಸಮಾಧಾನವಾಗಿ ನಾನ್ ಕಾರಲ್ಲಿ ಕುಂತಿರೋದು ಇವತ್ತೇ ಕಣವ್ವ. ತಿರುಗ್ಸೋ ಮಾತ ಇನ್ನು ಎತ್ಬೇಡ.

ಸುಮನಾ: ಮುಜಾಮಿಲಣ್ಣ, ನೀವಾದ್ರೂ ಹೇಳಿ.

ಮುಜಾಮಿಲ್: ನಾನ್ ರೋಡ್ ನೋಡ್ತಾವ್ನಿ ಮೇಡಂ.

ಸುಮನಾ: ಹಂಗಾದ್ರೆ ಎಷ್ಟು ವರ್ಷದವರೆಗೆ ಅತ್ತೆ? ಒಂದು ಲೆಕ್ಕ ಬೇಡ್ವಾ?

ದೊಡ್ಡಲಕ್ಷ್ಮಮ್ಮ: ಲೆಕ್ಕ ಯಾಕೆ? ಮದ್ವೆಗೆ ಹೊಂಟಾಗ್ಲೂ ನನ್ ಮೊಮ್ಮಗ ಹಿಂಗೇ ಕುಂತ್ಕಂಡ್ ಹೋಗ್ಲಿ. ರೋಡ್ ನೋಡ್ಬೇಕು ಅಂದ್ರೆ ಬರೋ ಹೆಣ್ಣು ಮುಂದಕ್ ಮೊಕ ಮಾಡ್ಕಂಡ್ ಕುಂತ್ಕಳ್ಳಿ.